ಇಬ್ಬರನ್ನು ಆರಿಸುತ್ತಿದ್ದ ಕ್ಷೇತ್ರಗಳು

1952ರಲ್ಲಿ ಅಂದಿನ ಮೈಸೂರು ರಾಜ್ಯ ವಯಸ್ಕ ಮತದಾನದ ಮೇಲೆ ತನ್ನ ಮೊದಲ ವಿಧಾನಸಭೆಯನ್ನು ಆರಿಸಿಕೊಂಡಾಗ ಸ್ಥಾನಗಳು 99 ಇದ್ದವು, ಕ್ಷೇತ್ರಗಳು ಮಾತ್ರ 80. ಅವುಗಳಲ್ಲಿ 19 ಕ್ಷೇತ್ರಗಳು ತಲಾ ಇಬ್ಬರನ್ನು ಕಳಿಸುತ್ತಿದ್ದವು. ಒಂದು ಸ್ಥಾನ ಎಲ್ಲರಿಗೂ ತೆರೆದದ್ದು, ಇನ್ನೊಂದು ಪರಿಶಿಷ್ಟರಿಗೆ ಮೀಸಲು. ಅಂಥ ಕ್ಷೇತ್ರದ ಮತಗಟ್ಟೆಗೆ ಹೋದವರ ಕೈಗೆ ಒಂದು ರೂಪಾಯಿ ನೋಟಿನಷ್ಟಗಲದ ಎರಡು ಚೀಟಿ ಸಿಗುತ್ತಿತ್ತು. ಒಳಗೆ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಎರಡು ಚೀಟಿಯನ್ನೂ ಒಂದೇ ಪೆಟ್ಟಿಗೆಗೆ ಹಾಕಿದರೆ ಒಂದಷ್ಟೇ ಲೆಕ್ಕಕ್ಕೆ ಬರುತ್ತಿತ್ತು. ಅದೇ ವರ್ಷ ಲೋಕಸಭೆಗೆ ಮೈಸೂರು ಕ್ಷೇತ್ರದಿಂದ ಕಾಂಗ್ರೆಸ್ಸಿನ ಎನ್. ರಾಚಯ್ಯ ಮತ್ತು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ. ಎಸ್. ಗುರುಪಾದಸ್ವಾಮಿ ಒಟ್ಟಿಗೇ ಗೆದ್ದು ಹೋದರು. ಒಂದೇ ಕ್ಷೇತ್ರದ ಜನ, ಒಂದೇ ಚುನಾವಣೆಯಲ್ಲಿ, ಎರಡು ಪಕ್ಷಗಳಿಂದ ಇಬ್ಬರನ್ನು ದೆಹಲಿಗೆ ಕಳಿಸಿದ್ದರು. ರಾಜ್ಯಗಳ ಪುನರ್ವಿಂಗಡಣೆಯ ನಂತರ, 1957ರಲ್ಲಿ, ದೊಡ್ಡದಾದ ಮೈಸೂರಿನ 208 ಸ್ಥಾನಗಳು 179 ಕ್ಷೇತ್ರಗಳಲ್ಲಿ ಹಂಚಿಹೋಗಿದ್ದವು. 1962ರ ಹೊತ್ತಿಗೆ ಈ ಜೋಡಿ ಕ್ಷೇತ್ರಗಳೆಲ್ಲ ಮಾಯವಾಗಿದ್ದವು. ಈಗ ಅವುಗಳ ನೆನಪೂ ಹೆಚ್ಚು ಉಳಿದಿಲ್ಲ.

ಆಡಳಿತದ ಹಳೇ ಕಡತದಲ್ಲಿ ಸೇರಿಹೋಗಬೇಕಾದ ಈ ಸಂಗತಿಯನ್ನು ಮತ್ತೆ ತೆಗೆಯಲು ಕಾರಣವಿದೆ. ದಲಿತರ ರಾಜಕೀಯ ಪ್ರಾತಿನಿಧ್ಯದ ಚರ್ಚೆ ನಮ್ಮಲ್ಲಿ ಯಾವಾಗಲೂ ಸಂಖ್ಯೆಯ ಸುತ್ತ ತಿರುಗುತ್ತದೆ. ಎಷ್ಟು ಸ್ಥಾನ ಮೀಸಲು, ಎಷ್ಟು ಶೇಕಡಾ, ಎಷ್ಟು ವರ್ಷ ಎಂದು ಕೇಳುತ್ತೇವೆ. ಆದರೆ 1932ರಿಂದ 1961ರವರೆಗಿನ ಮೂವತ್ತು ವರ್ಷಗಳ ಚರಿತ್ರೆಯನ್ನು ಒಂದೇ ಎಳೆಯಾಗಿ ಹಿಡಿದು ನೋಡಿದರೆ ಬೇರೊಂದು ಕಥೆ ಕಾಣುತ್ತದೆ. ಸ್ಥಾನಗಳ ಸಂಖ್ಯೆ ಏರುತ್ತ, ಕೊನೆಗೆ ಸಂವಿಧಾನದಲ್ಲೇ ಭದ್ರವಾಯಿತು. ಅದೇ ಹೊತ್ತಿಗೆ, ಆ ಸ್ಥಾನದಲ್ಲಿ ಕೂರುವವರು ಯಾರೆಂದು ತೀರ್ಮಾನಿಸುವಲ್ಲಿ ದಲಿತ ಮತದಾರರ ಮತಕ್ಕಿದ್ದ ತೂಕ ಒಂದೊಂದೇ ಮೆಟ್ಟಿಲಲ್ಲಿ ಇಳಿಯುತ್ತ ಬಂತು. ಕುರ್ಚಿ ಖಾಯಂ ಆಯಿತು, ಅದಕ್ಕೆ ಆರಿಸುವ ಅಧಿಕಾರ ಕೈತಪ್ಪಿತು. ಇದು ಒಬ್ಬರ ಸಂಚಿನಿಂದ ಆದದ್ದಲ್ಲ. ಪ್ರತಿ ಮೆಟ್ಟಿಲಿಗೂ ಆ ಕಾಲಕ್ಕೆ ಗಟ್ಟಿಯೆನಿಸಿದ ಕಾರಣವಿತ್ತು, ಅದಕ್ಕೇ ಅವನ್ನು ಒಂದೊಂದಾಗಿ ನೋಡಬೇಕು.

ಮೊದಲ ಮೆಟ್ಟಿಲು ಎಲ್ಲರಿಗೂ ಗೊತ್ತಿರುವುದು. 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಪ್ರಧಾನಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಕಟಿಸಿದ ಕೋಮುವಾರು ತೀರ್ಪು ಪ್ರಾಂತೀಯ ಶಾಸನಸಭೆಗಳಲ್ಲಿ ದಲಿತರಿಗೆ 71 ವಿಶೇಷ ಸ್ಥಾನಗಳನ್ನು ಕೊಟ್ಟಿತು. ಅವಕ್ಕೆ ದಲಿತರಷ್ಟೇ ಮತ ಹಾಕಬೇಕು. ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ಅವರಿಗೆ ಮತವಿತ್ತು. ಎರಡು ಮತಗಳ ಈ ಏರ್ಪಾಡಿನ ಬೆಲೆ ಅಂಬೇಡ್ಕರ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಮತ ತಮ್ಮವರನ್ನು ತಾವೇ ಆರಿಸಲು. ಎರಡನೆಯದು ಸವರ್ಣೀಯ ಅಭ್ಯರ್ಥಿಯೂ ಕೇರಿಗೆ ಬಂದು ಕೈಮುಗಿಯುವಂತೆ ಮಾಡಲು. ಸೆಪ್ಟೆಂಬರ್ 20ರಂದು ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು, 24ರಂದು ಪೂನಾ ಒಪ್ಪಂದಕ್ಕೆ ಸಹಿ ಬಿತ್ತು. ಸ್ಥಾನಗಳು 71ರಿಂದ 148ಕ್ಕೆ, ಅಂದರೆ ದುಪ್ಪಟ್ಟಿಗೂ ಮೇಲಕ್ಕೆ ಏರಿದವು. ಪ್ರತ್ಯೇಕ ಮತಕ್ಷೇತ್ರ ಹೋಯಿತು. ಅದರ ಬದಲಿಗೆ ಬಂದದ್ದು ಒಂದು ನಡುದಾರಿ: ಮೊದಲ ಸುತ್ತಿನಲ್ಲಿ ದಲಿತ ಮತದಾರರು ತಾವೇ ನಾಲ್ವರ ಪಟ್ಟಿ ಮಾಡಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಜಾತಿಯ ಮತದಾರರು ಸೇರಿ ಆರಿಸಬೇಕು. ಕೇಳಲು ನ್ಯಾಯವಾಗಿದೆ. ಆದರೆ ನಾಲ್ಕು ಎಂಬ ಅಂಕಿ ಈ ಏರ್ಪಾಡನ್ನು ಒಳಗಿಂದಲೇ ಸಡಿಲ ಮಾಡಿತು. ಮೊದಲ ಸುತ್ತಿನಲ್ಲಿ ಸಮುದಾಯ ಒಲಿದು ಮೊದಲಿಟ್ಟವನು ಕೊನೆಗೆ ಸೋಲಬಹುದು, ಅಲ್ಪ ಮತ ಪಡೆದ ನಾಲ್ಕನೆಯವನು ಗೆಲ್ಲಬಹುದು. ನಾಲ್ಕಕ್ಕಿಂತ ಹೆಚ್ಚು ಜನ ನಿಲ್ಲದ ಕಡೆ ಮೊದಲ ಸುತ್ತಿನ ಅಗತ್ಯವೇ ಬೀಳುತ್ತಿರಲಿಲ್ಲ. 1945–46ರ ಚುನಾವಣೆಯ ಬಳಿಕ ಅಂಬೇಡ್ಕರ್ ಅವರ ಪರಿಶಿಷ್ಟ ಜಾತಿಗಳ ಒಕ್ಕೂಟ ಎತ್ತಿದ ದೂರು ಇದೇ: ಮೊದಲ ಸುತ್ತಿನಲ್ಲಿ ಒಕ್ಕೂಟದವರು ಮುಂದಿದ್ದರೂ ಅಂತಿಮ ಸುತ್ತಿನಲ್ಲಿ ಅದು ಬಹುತೇಕ ಬರಿಗೈಯಾಯಿತು. ಸಂವಿಧಾನ ರಚನಾ ಸಭೆಗೆ ಬರಲು ಅಂಬೇಡ್ಕರ್ ಅವರಿಗೆ ಸ್ವಂತ ಬೊಂಬಾಯಿಯಲ್ಲಿ ದಾರಿ ಇರಲಿಲ್ಲ. ಜೋಗೇಂದ್ರನಾಥ ಮಂಡಲ್ ಅವರ ನೆರವಿನಿಂದ ದೂರದ ಬಂಗಾಳದಿಂದ ಬರಬೇಕಾಯಿತು.

ಈ ನಡುವೆ 1937ರ ಚುನಾವಣೆ ನಡೆದಿತ್ತು. ಅದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತಾಗಿಲ್ಲ. ಬೊಂಬಾಯಿ ಪ್ರಾಂತ್ಯದಲ್ಲಿ ಆಗ ಬಹುಸದಸ್ಯ ಕ್ಷೇತ್ರಗಳಿದ್ದವು, ಮತ್ತು ಅಲ್ಲಿನ ಮತದಾರರಿಗೆ ಮತಗಳನ್ನು ಗುಡ್ಡೆ ಹಾಕುವ ಹಕ್ಕಿತ್ತು. ಕ್ಷೇತ್ರಕ್ಕೆ ಮೂರು ಸ್ಥಾನವಿದ್ದರೆ ಪ್ರತಿಯೊಬ್ಬರಿಗೂ ಮೂರು ಮತ. ಬೇಕಾದರೆ ಮೂವರಿಗೆ ಹಂಚಬಹುದು, ಬೇಕಾದರೆ ಮೂರನ್ನೂ ಒಬ್ಬರಿಗೇ ಕೊಡಬಹುದು. ಅಂತಿಮ ಸುತ್ತಿನಲ್ಲಿ ಪ್ರತ್ಯೇಕ ಪಟ್ಟಿಯಿಲ್ಲ, ಬೇರೆ ಮತಗಟ್ಟೆಯಿಲ್ಲ. ದಲಿತರೂ ಸವರ್ಣೀಯರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕುವ ಜಂಟಿ ಚುನಾವಣೆಯೇ ಅದು. ಹಾಗಿದ್ದೂ ಅಂಬೇಡ್ಕರ್ ಆಗಷ್ಟೇ ಕಟ್ಟಿದ್ದ ಸ್ವತಂತ್ರ ಕಾರ್ಮಿಕ ಪಕ್ಷ ನಿಲ್ಲಿಸಿದ 17 ಮಂದಿಯಲ್ಲಿ ಬಹುಪಾಲು ಗೆದ್ದರು. ಕನ್ನಡ ನಾಡಿನ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಆ ಪ್ರಾಂತ್ಯಕ್ಕೆ ಸೇರಿದ್ದವು. ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳ ವಸತಿನಿಲಯವನ್ನು ನೋಡಿಕೊಳ್ಳುತ್ತಿದ್ದ ಬಲವಂತ ವರಾಳೆ ಬೆಳಗಾವಿ ಜಿಲ್ಲೆಯಿಂದ ಅದೇ ಪಕ್ಷದ ಟಿಕೆಟ್ಟಿನ ಮೇಲೆ ಬೊಂಬಾಯಿ ಶಾಸನಸಭೆಗೆ ಹೋದರು.

ಗುಡ್ಡೆ ಹಾಕುವ ಈ ಹಕ್ಕು ಯಾಕೆ ಅಷ್ಟು ಮುಖ್ಯ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಒಂದು ಕ್ಷೇತ್ರದಲ್ಲಿ ಸಾವಿರ ಮತದಾರರು, ಅವರಲ್ಲಿ ಇನ್ನೂರು ದಲಿತರು, ಎರಡು ಸ್ಥಾನ ಎಂದುಕೊಳ್ಳೋಣ. ಎರಡು ಮತವನ್ನೂ ಒಬ್ಬರಿಗೇ ಕೊಡಬಹುದಾದರೆ ಇನ್ನೂರು ಜನರ ನಾನೂರು ಮತ ಅವರಿಗೆ ಬೇಕಾದವನ ಮೇಲೆ ಬೀಳುತ್ತದೆ. ಉಳಿದ ಎಂಟುನೂರು ಜನರಿಗೆ ಮೀಸಲು ಸ್ಥಾನದಲ್ಲಿ ಬೇರೊಬ್ಬನನ್ನು ಗೆಲ್ಲಿಸುವ ಆಸೆಯಿದ್ದರೆ ಅವರು ಸಾಮಾನ್ಯ ಸ್ಥಾನದ ತಮ್ಮ ಅಭ್ಯರ್ಥಿಯ ಪಾಲಿನ ಮತವನ್ನು ಒಡೆದು ಕೊಡಬೇಕಾಗುತ್ತದೆ, ಅದಕ್ಕೆ ಅವರು ಬೆಲೆ ತೆರಬೇಕು. ಈಗ ನಿಯಮ ಬದಲಿಸಿ, ಎರಡು ಮತ ಇಬ್ಬರಿಗೇ ಹೋಗಬೇಕು ಎನ್ನಿ. ದಲಿತರ ಅಭ್ಯರ್ಥಿಗೆ ದಲಿತರಿಂದ ಬರುವುದು ಇನ್ನೂರೇ. ಎದುರಿಗಿರುವ ಎಂಟುನೂರು ಜನ ತಮ್ಮ ಅಭ್ಯರ್ಥಿಗೆ ಒಂದು ಮತ ಹಾಕಿದ ಮೇಲೂ ಅವರ ಕೈಯಲ್ಲಿ ಇನ್ನೊಂದು ಚೀಟಿ ಉಳಿದಿರುತ್ತದೆ. ಅದನ್ನು ಮೀಸಲು ಸ್ಥಾನದ ಸ್ಪರ್ಧೆಯಲ್ಲಿ ಹಾಕುವುದರಿಂದ ಅವರಿಗೆ ನಷ್ಟವೇನೂ ಇಲ್ಲ. ತಮಗೆ ಹೆಚ್ಚು ಸಂಬಂಧವಿಲ್ಲದ ಸ್ಪರ್ಧೆಯ ಫಲ ಹೀಗೆ ಅವರ ಕೈಗೆ ಪುಕ್ಕಟೆಯಾಗಿ ಬರುತ್ತದೆ. ಈ ಎರಡನೇ ನಿಯಮವನ್ನೇ ಸ್ವತಂತ್ರ ಭಾರತ ಆರಿಸಿಕೊಂಡಿತು.

ಅದಕ್ಕೂ ಮುಂಚೆ ಒಂದು ಅವಕಾಶ ಬಂದು ಹೋಗಿತ್ತು. 1947ರ ಆಗಸ್ಟ್ 28ರಂದು, ಸ್ವಾತಂತ್ರ್ಯ ಬಂದು ಎರಡು ವಾರವೂ ತುಂಬದಿದ್ದಾಗ, ಕರ್ನೂಲಿನ ಕಡೆಯ ಎಸ್. ನಾಗಪ್ಪ ಸಂವಿಧಾನ ರಚನಾ ಸಭೆಯಲ್ಲಿ ಒಂದು ತಿದ್ದುಪಡಿ ಮಂಡಿಸಿದರು. ಮೀಸಲು ಸ್ಥಾನದಲ್ಲಿ ಗೆದ್ದೆನೆನ್ನುವವನಿಗೆ ಪರಿಶಿಷ್ಟ ಜಾತಿಯವರು ಚಲಾಯಿಸಿದ ಮತದಲ್ಲಿ ಕನಿಷ್ಠ ಶೇ. 35ರಷ್ಟಾದರೂ ಬಿದ್ದಿರಬೇಕು ಎಂಬುದು ಅದರ ಸಾರ. ಕೇಳಿದ್ದು ಬಹುಮತವನ್ನೂ ಅಲ್ಲ, ಮೂರರಲ್ಲೊಂದು ಪಾಲಿಗಿಂತ ಚೂರು ಹೆಚ್ಚನ್ನು. ನಾಗಪ್ಪ ಒಕ್ಕೂಟದವರಲ್ಲ, ಕಾಂಗ್ರೆಸ್ಸಿಗರು. ಆದರೂ ಸರ್ದಾರ್ ಪಟೇಲರು ಇದನ್ನು ಪ್ರತ್ಯೇಕ ಮತಕ್ಷೇತ್ರದ ಇನ್ನೊಂದು ರೂಪವೆಂದು ಕಂಡರು. ದಾಕ್ಷಾಯಣಿ ವೇಲಾಯುಧನ್ ಅವರಂಥ ದಲಿತ ಸದಸ್ಯೆಯೂ ಅದನ್ನು ವಿರೋಧಿಸಿದರು. ನಾಗಪ್ಪ ಹಿಂತೆಗೆದುಕೊಂಡರು. ಪಂಜಾಬ್ ಹೊತ್ತಿ ಉರಿಯುತ್ತಿದ್ದ ದಿನಗಳವು. ಮತದಾರರನ್ನು ಗುಂಪು ಗುಂಪಾಗಿ ಎಣಿಸುವ ಯಾವ ಮಾತೂ ಆಗ ದೇಶ ಒಡೆದ ಗಾಯವನ್ನು ಕೆದಕುತ್ತಿತ್ತು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಭಯದಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿ ಕಂಡವು. ಮತದಾರರನ್ನು ಬೇರ್ಪಡಿಸುವುದು ಒಂದು, ಅಲ್ಪಸಂಖ್ಯಾತರ ಮತ ಮುಳುಗಿಹೋಗದಂತೆ ಎಣಿಸುವ ವಿಧಾನವನ್ನು ಕಟ್ಟುವುದು ಇನ್ನೊಂದು. ಬೊಂಬಾಯಿಯಲ್ಲಿ ಹತ್ತೇ ವರ್ಷದ ಹಿಂದೆ ಯಾರನ್ನೂ ಬೇರ್ಪಡಿಸದೆ ಎರಡನೆಯದನ್ನು ಸಾಧಿಸಿ ತೋರಿಸಲಾಗಿತ್ತು. ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

ಹೊಸ ನಿಯಮದ ಪೆಟ್ಟು ಬಿದ್ದ ಮೊದಲಿಗರಲ್ಲಿ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೇ ಇದ್ದರು. 1952ರಲ್ಲಿ ಅಂಬೇಡ್ಕರ್ ನಿಂತದ್ದು ಉತ್ತರ ಬೊಂಬಾಯಿಯ ಜೋಡಿ ಕ್ಷೇತ್ರದ ಮೀಸಲು ಸ್ಥಾನಕ್ಕೆ. ಸಾಮಾನ್ಯ ಸ್ಥಾನಕ್ಕೆ ಸಮಾಜವಾದಿ ಅಶೋಕ ಮೆಹ್ತಾ ಅವರ ಜೊತೆಗಾರ. ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್ 1,38,137 ಮತ ಪಡೆದರು, ಅಂಬೇಡ್ಕರ್ ಅವರಿಗೆ ಬಿದ್ದದ್ದು 1,23,576. ಅಲ್ಲಿ ತಿರಸ್ಕೃತವಾದ ಮತಗಳು 74 ಸಾವಿರಕ್ಕೂ ಹೆಚ್ಚು. ಸಾಮಾನ್ಯ ಸ್ಥಾನಕ್ಕೆ ನಿಂತಿದ್ದ ಕಮ್ಯುನಿಸ್ಟ್ ನಾಯಕ ಎಸ್. ಎ. ಡಾಂಗೆ ಅವರ ಕಡೆಯಿಂದ ಎರಡನೇ ಮತವನ್ನು ಹಾಳುಮಾಡಿ ಎಂಬ ಪ್ರಚಾರ ನಡೆಯಿತೆಂದು ಅಂಬೇಡ್ಕರ್ ಮತ್ತು ಮೆಹ್ತಾ ತಕರಾರು ಅರ್ಜಿ ಹಾಕಿದರು, ಅದು ನಿಲ್ಲಲಿಲ್ಲ. ಆರೋಪದ ಸತ್ಯಾಸತ್ಯ ಏನೇ ಇರಲಿ, ಒಬ್ಬ ಅಭ್ಯರ್ಥಿಗೆ ತನ್ನ ಬೆಂಬಲಿಗರ ಇನ್ನೊಂದು ಮತ ವ್ಯರ್ಥವಾದಷ್ಟೂ ಲಾಭ ಎಂಬ ವಿಚಿತ್ರ ಲೆಕ್ಕವನ್ನು ಈ ನಿಯಮವೇ ಹುಟ್ಟುಹಾಕಿತ್ತು. 1954ರ ಭಂಡಾರಾ ಉಪಚುನಾವಣೆಯಲ್ಲಿ ಇದೇ ಲೆಕ್ಕವನ್ನು ಅಂಬೇಡ್ಕರ್ ಅವರ ಮುಂದೆ ಅನುಯಾಯಿಗಳು ಇಟ್ಟರು. ನಮ್ಮವರು ನಿಮಗೊಂದು ಮತ ಹಾಕಿ ಇನ್ನೊಂದನ್ನು ಬಿಟ್ಟುಬಿಡಲಿ ಎಂದರು. ಅವರು ಒಪ್ಪಲಿಲ್ಲ. ದಲಿತರ ಎರಡನೇ ಮತ ಅಶೋಕ ಮೆಹ್ತಾ ಅವರಿಗೆ ಹೋಯಿತು. ಮೆಹ್ತಾ ಗೆದ್ದರು, ಸವರ್ಣೀಯರ ಎರಡನೇ ಮತ ಅಷ್ಟಾಗಿ ಬಾರದ ಅಂಬೇಡ್ಕರ್ ಸೋತರು. 1955ರಲ್ಲಿ ಅವರ ಒಕ್ಕೂಟ ಮೀಸಲು ಸ್ಥಾನಗಳನ್ನೇ ರದ್ದುಮಾಡಬೇಕೆಂದು ನಿರ್ಣಯ ಮಾಡಿತು. ಇಂದು ಆ ನಿರ್ಣಯವನ್ನು ಮೀಸಲಾತಿಯ ವಿರೋಧಿಗಳು ಆಗಾಗ ಎತ್ತಿ ಆಡುತ್ತಾರೆ. ಅದರ ಹಿಂದಿನ ಈ ಎರಡು ಸೋಲುಗಳನ್ನು ಬಿಟ್ಟು ಓದಿದರೆ ನಿರ್ಣಯದ ಅರ್ಥವೇ ತಲೆಕೆಳಗಾಗುತ್ತದೆ.

ಜೋಡಿ ಕ್ಷೇತ್ರಗಳು ಕೊನೆಗೂ ಹೋದದ್ದು ದಲಿತರ ಈ ದೂರಿನಿಂದಲ್ಲ. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದ ಎರಡು ಸ್ಥಾನಗಳಲ್ಲಿ ಒಂದು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ನಿಯಮದ ಪ್ರಕಾರ ಮೊದಲು ಮೀಸಲು ಸ್ಥಾನವನ್ನು ತುಂಬಬೇಕು. ಆಮೇಲೆ ಉಳಿದವರಲ್ಲಿ, ಅವರು ಯಾರೇ ಆಗಿರಲಿ, ಅತಿ ಹೆಚ್ಚು ಮತ ಪಡೆದವರಿಗೆ ಎರಡನೇ ಸ್ಥಾನ. ಎಣಿಕೆ ಮುಗಿದಾಗ ಮೊದಲೆರಡು ಸ್ಥಾನದಲ್ಲಿದ್ದವರು ಇಬ್ಬರೂ ಆದಿವಾಸಿಗಳು. ಸಾಮಾನ್ಯ ಸ್ಥಾನ ಡಿಪ್ಪಲ ಸೂರಿ ದೊರ ಅವರ ಪಾಲಾಯಿತು. ಕೇವಲ 565 ಮತಗಳಿಂದ ಅದನ್ನು ಕಳೆದುಕೊಂಡವರು ನೆಹರೂ ಸಂಪುಟದಲ್ಲಿ ಕಾರ್ಮಿಕ ಸಚಿವರಾಗಿದ್ದ ವಿ. ವಿ. ಗಿರಿ, ಮುಂದೆ ಮೈಸೂರಿನ ರಾಜ್ಯಪಾಲರೂ ಆಮೇಲೆ ರಾಷ್ಟ್ರಪತಿಯೂ ಆದವರು. ಮೀಸಲು ಅಭ್ಯರ್ಥಿಯಾಗಿ ನಿಂತವನಿಗೆ ಸಾಮಾನ್ಯ ಸ್ಥಾನದ ಹಕ್ಕಿಲ್ಲ ಎಂದು ಗಿರಿ ವಾದಿಸಿದರು. 1959ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮೀಸಲಾತಿ ಎಂಬುದು ಕನಿಷ್ಠದ ಖಾತರಿ, ಗರಿಷ್ಠದ ಗೆರೆಯಲ್ಲ ಎಂಬುದು ಆ ತೀರ್ಪಿನ ಒಳಅರ್ಥ. ಎರಡೇ ವರ್ಷದಲ್ಲಿ, 1961ರಲ್ಲಿ, ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನು ರದ್ದುಮಾಡುವ ಕಾಯ್ದೆ ತಂದಿತು. 1957ರಲ್ಲಿ ಲೋಕಸಭೆಯ ಇಂಥ 91 ಕ್ಷೇತ್ರಗಳಿದ್ದವು. ಒಂದೊಂದನ್ನೂ ಎರಡಾಗಿ ಸೀಳಿ, ಪರಿಶಿಷ್ಟರು ಹೆಚ್ಚಿರುವ ಭಾಗವನ್ನು ಮೀಸಲಿಟ್ಟರು. ಕ್ಷೇತ್ರಗಳು ತೀರ ದೊಡ್ಡವು, ಪ್ರಚಾರದ ಖರ್ಚು ಹೆಚ್ಚು, ಮತದಾರರಿಗೆ ಗೊಂದಲ ಎಂಬ ಕಾರಣಗಳನ್ನು ಕೊಡಲಾಯಿತು. ಅವು ಸುಳ್ಳಲ್ಲ. ಆದರೆ ಸಾಮಾನ್ಯ ಸ್ಥಾನಕ್ಕೆ ಪರಿಶಿಷ್ಟರು ಸಹಜವಾಗಿ ಏರಿಬಿಡಬಹುದಾದ ದಾರಿಯೂ ಅದರೊಂದಿಗೇ ಮುಚ್ಚಿತು. ಅಂದಿನಿಂದ ಪಕ್ಷಗಳು ದಲಿತರಿಗೆ ಟಿಕೆಟ್ ಕೊಡುವುದೆಂದರೆ ಬಹುಮಟ್ಟಿಗೆ ಮೀಸಲು ಕ್ಷೇತ್ರದಲ್ಲಿ ಮಾತ್ರ ಎಂಬುದು ರೂಢಿಯಾಗಿಬಿಟ್ಟಿತು.

ಈ ವಾದಕ್ಕೆ ಗಂಭೀರ ಆಕ್ಷೇಪಗಳಿವೆ. ಮೊದಲನೆಯದು, 1937ರ ಗೆಲುವನ್ನು ಎಣಿಕೆಯ ವಿಧಾನಕ್ಕೆ ಕಟ್ಟುವುದು ಸರಿಯೇ ಎಂಬುದು. ಆಗ ಆಸ್ತಿ, ಓದು ಇದ್ದವರಿಗಷ್ಟೇ ಮತವಿತ್ತು. ಅಂಬೇಡ್ಕರ್ ಅವರ ವ್ಯಕ್ತಿತ್ವದ ಬಲವಿತ್ತು, ಮಹಾರ್ ಸಮುದಾಯದ ಒಗ್ಗಟ್ಟಿತ್ತು. ಇದನ್ನು ಒಪ್ಪಬೇಕು. ಎಣಿಕೆಯ ವಿಧಾನ ಒಂದು ಚಳವಳಿಯನ್ನು ಹುಟ್ಟಿಸಲಾರದು. ಆದರೆ ಅದೇ ವ್ಯಕ್ತಿತ್ವ, ಅದೇ ಸಮುದಾಯ 1952ರಲ್ಲೂ ಇದ್ದವು. ಎಲ್ಲರಿಗೂ ಮತ ಬಂದು ದಲಿತ ಮತದಾರರ ಸಂಖ್ಯೆ ಹಲವು ಪಟ್ಟು ಏರಿತ್ತು. ಕಾಂಗ್ರೆಸ್ಸಿನ ಅಲೆಯ ಪಾಲೂ ಆ ಸೋಲಿನಲ್ಲಿತ್ತು ನಿಜ, ಆದರೆ 1937ರಲ್ಲೂ ಕಾಂಗ್ರೆಸ್ ಬೊಂಬಾಯಿಯಲ್ಲಿ ಗೆದ್ದು ಸರ್ಕಾರ ಮಾಡಿತ್ತು. ಆ ಅಲೆಯ ನಡುವೆಯೂ ನಿಲ್ಲಲು ಆಗ ಜಾಗವಿತ್ತು.

ಎರಡನೇ ಆಕ್ಷೇಪ ಇನ್ನೂ ಭಾರವಾದದ್ದು. ಎಲ್ಲರ ಮತ ಕೇಳಬೇಕಾದ ದಲಿತ ನಾಯಕ ಎಲ್ಲರ ನಾಯಕನಾಗುತ್ತಾನೆ, ತನ್ನವರ ಮತದಿಂದಷ್ಟೇ ಗೆದ್ದವನು ಸಭೆಯ ಒಂದು ಮೂಲೆಯಲ್ಲಿ ಉಳಿಯುತ್ತಾನೆ ಎಂಬುದು. ಇದಕ್ಕೆ ಕರ್ನಾಟಕದ್ದೇ ಉದಾಹರಣೆ ಬಿ. ಬಸವಲಿಂಗಪ್ಪ. ಎಲ್ಲ ಜಾತಿಯ ಮತದಿಂದ ಗೆದ್ದು, ದೇವರಾಜ ಅರಸರ ಸಂಪುಟ ಸೇರಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಯಾರ ಮುಲಾಜಿಗೂ ಬಗ್ಗಿದವರಲ್ಲ. ಆದರೆ ಅದೇ ಬಸವಲಿಂಗಪ್ಪ 1973ರಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಬೂಸಾ ಎಂಬ ಒಂದು ಮಾತಿಗೆ ಮಂತ್ರಿ ಸ್ಥಾನವನ್ನೇ ಬಿಡಬೇಕಾಯಿತು. ಅವರ ಪರ ಬೀದಿಗಿಳಿದವರು ದಲಿತ ವಿದ್ಯಾರ್ಥಿಗಳು. ರಾಜ್ಯದ ದಲಿತ ಚಳವಳಿಗೆ ಕಿಚ್ಚು ಹತ್ತಿದ್ದು ಆ ಬೀದಿಯಲ್ಲಿ, ವಿಧಾನಸಭೆಯಲ್ಲಲ್ಲ. ನಾರ್ವೆಯ ವಿದ್ವಾಂಸೆ ಫ್ರಾನ್ಸೆಸ್ಕಾ ಯೆನ್ಸೆನಿಯಸ್ 1971ರಿಂದ 2001ರವರೆಗಿನ ಮೀಸಲು ಮತ್ತು ಸಾಮಾನ್ಯ ಕ್ಷೇತ್ರಗಳನ್ನು ಹೋಲಿಸಿ ನೋಡಿದ್ದಾರೆ. ಮೀಸಲು ಕ್ಷೇತ್ರಗಳ ಅಭಿವೃದ್ಧಿಯಲ್ಲಿ ಯಾವ ಕೊರತೆಯೂ ಅವರಿಗೆ ಕಾಣಲಿಲ್ಲ, ಅಲ್ಲಿನ ದಲಿತರ ಸ್ಥಿತಿಯಲ್ಲಿ ವಿಶೇಷ ಏಳಿಗೆಯೂ ಕಾಣಲಿಲ್ಲ. ಮೊದಲನೆಯದು ದಲಿತ ಶಾಸಕರ ಸಾಮರ್ಥ್ಯವನ್ನು ಶಂಕಿಸುವವರಿಗೆ ಉತ್ತರ. ಎರಡನೆಯದನ್ನು ಆ ಶಾಸಕರ ದೋಷವೆಂದು ತಿಳಿಯಬೇಕಾಗಿಲ್ಲ. ತಮ್ಮನ್ನು ಗೆಲ್ಲಿಸಿದವರಿಗಾಗಿ ದುಡಿಯುವುದು ಚುನಾವಣಾ ರಾಜಕಾರಣದ ಸಹಜ ಧರ್ಮ, ಮತ್ತು ಅವರನ್ನು ಗೆಲ್ಲಿಸುವ ಮತಗಳಲ್ಲಿ ಹೆಚ್ಚಿನವು ಕೇರಿಯ ಆಚೆಗಿನವು. ಎಲ್ಲರೊಳಗೆ ಒಂದಾಗುವ ಹೊಣೆಯನ್ನು ಜಂಟಿ ಮತಕ್ಷೇತ್ರ ದಲಿತ ಅಭ್ಯರ್ಥಿಯ ಹೆಗಲಿಗೆ ಹಾಕಿತು. ಸಾಮಾನ್ಯ ಕ್ಷೇತ್ರದ ಅಭ್ಯರ್ಥಿಗೆ ಅಂಥ ಹೊಣೆಯನ್ನು ಯಾವ ನಿಯಮವೂ ಹೊರಿಸಲಿಲ್ಲ. ಕೋಮುವಾರು ತೀರ್ಪಿನ ಎರಡು ಮತದ ಏರ್ಪಾಡಿನಲ್ಲಿ ಆ ಹೊಣೆ ಇಬ್ಬರಿಗೂ ಇತ್ತು.

ಮೂರನೆಯ ಆಕ್ಷೇಪ ಸಮುದಾಯದ ಒಳಗಿನಿಂದಲೇ ಬರುತ್ತದೆ. ದಲಿತರ ಮತ ಎಂಬುದು ಒಂದೇ ಮುದ್ದೆಯೇ? ಕಾಜ್ರೋಳ್ಕರ್ ಚಾಂಭಾರ್, ಅಂಬೇಡ್ಕರ್ ಮಹಾರ್. ನಮ್ಮಲ್ಲಿ ಎಡಗೈ, ಬಲಗೈ, ಬೋವಿ, ಲಂಬಾಣಿ. ಸಮುದಾಯದ ಮತಕ್ಕೆ ತೂಕ ಕೊಟ್ಟರೆ ಅದರೊಳಗಿನ ದೊಡ್ಡ ಜಾತಿ ಉಳಿದವರನ್ನು ನುಂಗದೇ? ಈ ಪ್ರಶ್ನೆ ನಿಜವಾದದ್ದು. ಆದರೆ ಈಗಿನ ವಿಧಾನದಲ್ಲಿ ಆ ಒಳಗಿನ ಆಯ್ಕೆಯನ್ನು ಯಾರು ಮಾಡುತ್ತಿದ್ದಾರೆ ಎಂದು ನೋಡಿದರೆ ಪ್ರಶ್ನೆ ತಿರುಗಿ ನಿಲ್ಲುತ್ತದೆ. ಕರ್ನಾಟಕದ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಸ್ಪೃಶ್ಯತೆಯನ್ನು ನೇರವಾಗಿ ಉಂಡ ಜಾತಿಗಳಿಗಿಂತ, ಊರೊಳಗೆ ನಡೆದಾಡಲು ಅಡ್ಡಿಯಿಲ್ಲದ ಜಾತಿಗಳ ಅಭ್ಯರ್ಥಿಗಳು ಈ ಸ್ಥಾನಗಳಲ್ಲಿ ಸುಲಭವಾಗಿ ಗೆಲ್ಲುತ್ತಾರೆಂಬ ದೂರು ಹೊಲೆಯ, ಮಾದಿಗ ಸಮುದಾಯಗಳಲ್ಲಿ ಹಳೆಯದು. 1976ರ ಕಾಯ್ದೆ ಪ್ರಾದೇಶಿಕ ಮಿತಿಗಳನ್ನು ತೆಗೆದು ಬೋವಿ, ಲಂಬಾಣಿಗಳನ್ನು ಇಡೀ ರಾಜ್ಯದಲ್ಲಿ ಪಟ್ಟಿಗೆ ಸೇರಿಸಿದ ಮೇಲೆ ಅದು ಜೋರಾಯಿತು. ಆ ಸಮುದಾಯಗಳ ಬಡತನವೂ ನಿಜ, ಅವರ ಹಕ್ಕೂ ನಿಜ, ದೂರಬೇಕಾದದ್ದು ಅವರನ್ನಲ್ಲ. ನಿರ್ಣಾಯಕ ಮತ ಹೊರಗಿನವರ ಕೈಯಲ್ಲಿದ್ದಾಗ ನೂರೊಂದು ಜಾತಿಗಳ ಪಟ್ಟಿಯಲ್ಲಿ ಯಾರು ಒಪ್ಪಿತರು ಎಂದು ಹೇಳುವುದೂ ಹೊರಗಿನವರೇ. ಮತಗಳನ್ನು ಗುಡ್ಡೆ ಹಾಕುವ ಹಕ್ಕಿದ್ದಿದ್ದರೆ ಸಣ್ಣ ಜಾತಿಯೊಂದು ಕೂಡ ಮೂರು ಸ್ಥಾನದ ಕ್ಷೇತ್ರದಲ್ಲಿ ತನ್ನ ಒಬ್ಬನ ಮೇಲೆ ಮೂರೂ ಮತ ಸುರಿದು ಲೆಕ್ಕಕ್ಕೆ ಬರಬಹುದಿತ್ತು.

ದಲಿತರೇ ದೊಡ್ಡ ಸಂಖ್ಯೆಯಲ್ಲಿದ್ದು, ಯಾರ ಜಮೀನಿನ ಹಂಗೂ ಇಲ್ಲದೆ ಮತ ಹಾಕಿದರೆ ಏನಾಗುತ್ತದೆ ಎಂದು ತೋರಿಸುವ ಒಂದು ಜಾಗ ನಮ್ಮ ರಾಜ್ಯದಲ್ಲೇ ಇದೆ. ಕೋಲಾರದ ಚಿನ್ನದ ಗಣಿಗಳ ಆಳಕ್ಕೆ ಇಳಿಯುತ್ತಿದ್ದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಗಣಿಯ ಕೂಲಿ ಕಡಿಮೆಯಿತ್ತು, ಕೆಲಸ ಸಾವಿನ ಪಕ್ಕದ್ದು. ಆದರೆ ಅಲ್ಲಿ ಊರಗೌಡನಿರಲಿಲ್ಲ, ಸಂಘವಿತ್ತು. 1952ರಲ್ಲಿ ಕೆಜಿಎಫ್‌ನ ಜೋಡಿ ಕ್ಷೇತ್ರ ಕಮ್ಯುನಿಸ್ಟ್ ಪಕ್ಷದ ಕೆ. ಎಸ್. ವಾಸನ್ ಅವರನ್ನೂ, ಪರಿಶಿಷ್ಟ ಜಾತಿಗಳ ಒಕ್ಕೂಟದ ಪಿ. ಎಂ. ಸ್ವಾಮಿದೊರೈ ಅವರನ್ನೂ ಗೆಲ್ಲಿಸಿತು. ಅಂಬೇಡ್ಕರ್ ಸ್ವತಃ ಬೊಂಬಾಯಿಯಲ್ಲಿ ಸೋತ ವರ್ಷದಲ್ಲಿ ಅವರ ಪಕ್ಷದ ಅಭ್ಯರ್ಥಿ ಮೈಸೂರಿನ ವಿಧಾನಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡರು. ಒಕ್ಕೂಟದ ಉತ್ತರಾಧಿಕಾರಿಯಾದ ರಿಪಬ್ಲಿಕನ್ ಪಕ್ಷ ಆಮೇಲೂ ಸಿ. ಎಂ. ಆರ್ಮುಗಂ ಮುಂತಾದವರ ಮೂಲಕ ದಶಕಗಳ ಕಾಲ ಅಲ್ಲಿ ಗೆಲ್ಲುವ ಶಕ್ತಿ ಉಳಿಸಿಕೊಂಡಿತ್ತು, ರಾಜ್ಯದ ಉಳಿದ ಮೀಸಲು ಕ್ಷೇತ್ರಗಳಲ್ಲಿ ಅದಕ್ಕೆ ನೆಲೆ ಸಿಗದಿದ್ದಾಗಲೂ. 2001ರಲ್ಲಿ ಗಣಿ ಮುಚ್ಚಿತು. ಕೆಲಸ ಕಳೆದುಕೊಂಡವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ.